ಫೋರ್ಕ್ ಬದಲಿಸುವ ಕೆಲಸ: ದಪ್ಪ ಕಾಲು ನೋಡಿ ಮರುಳಾಗಬೇಡಿ, ಒಳಗೆ ಏನಿದೆ ನೋಡಿ

ನಮಸ್ಕಾರ. ಸ್ಕ್ರೀನಿನಲ್ಲಿ ಎಡಗಡೆ ಮಲಗಿರುವ ಜೋಡಿ ನನ್ನ ಬೈಕಿನ ಹಳೆಯ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದು ಹೊಡೆತ ನುಂಗುವ ಎರಡು ಕಾಲು. ಒಳ ಟ್ಯೂಬಿನ ಅಡ್ಡಳತೆ 43 ಎಂಎಂ, ಮಾಮೂಲಿ ಟೆಲಿಸ್ಕೋಪಿಕ್. ಬಲಗಡೆಯದು ಮೊಟೊಕ್ರಾಸ್ ಬೈಕಿನಿಂದ ಬಿಚ್ಚಿ ತಂದ, ಜಪಾನಿನ ಕೆವೈಬಿ ಕಂಪನಿಯ ಫೋರ್ಕ್. 48 ಎಂಎಂ, ಯುಎಸ್‌ಡಿ (ಅಪ್‌ಸೈಡ್ ಡೌನ್), ಅಂದರೆ ದಪ್ಪ ಟ್ಯೂಬ್ ಮೇಲೆ, ಸಣ್ಣ ಟ್ಯೂಬ್ ಕೆಳಗೆ. ಯಮಾಹಾ ವೈಝಡ್ ಬೈಕುಗಳಲ್ಲಿ 2006ರಿಂದ ಬಂದ ಎಸ್‌ಎಸ್‌ಎಸ್ ಫೋರ್ಕ್ ಇದೇ. ಬೈಕ್ ಬಲ್ಲವರು ಈ ಹೆಸರು ಕೇಳಿದರೆ ಸಾಕು, ಮುಖ ಅರಳುತ್ತದೆ.

ಆದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫೋರ್ಕ್ ಬದಲಿಸಿ ಅಂತ ನಿಮಗೆ ಹೇಳುವ ವಿಡಿಯೋ ಇದಲ್ಲ. ಬಹಳ ಜನರಿಗೆ ಇದು ಬೇಕಾಗಿಯೇ ಇಲ್ಲ. ಯಾಕೆ ಅಂತ ಬರುತ್ತದೆ, ಇರಿ.

ಹಳೆಯ ಫೋರ್ಕಿನ ತೊಂದರೆ ಏನಿತ್ತು? ಬ್ರೇಕ್ ಹಿಡಿದರೆ ಮೂಗು ನೆಲಕ್ಕೆ ತಾಗುವ ಹಾಗೆ ಕುಸಿಯುತ್ತಿತ್ತು. ಸರಿ, ಮೆತ್ತಗಿದೆ ಅಂದುಕೊಳ್ಳೋಣ. ಅದೇ ಫೋರ್ಕ್, ವೇಗವಾಗಿ ಹೋಗುವಾಗ ಚೂಪು ಕಲ್ಲು ಸಿಕ್ಕರೆ ಸಾಕು, ಕೈಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿಯುತ್ತಿತ್ತು. ಮೆತ್ತಗೂ ಹೌದು, ಗಟ್ಟಿಯೂ ಹೌದು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಲ್ವಾ?

ಉತ್ತರ ಇಲ್ಲಿದೆ, ಕ್ಯಾಮೆರಾ ಹತ್ತಿರ ತರುತ್ತೇನೆ. ಈ ಉದ್ದನೆಯ ಕೊಳವೆಯ ಹೆಸರು ಡ್ಯಾಂಪರ್ ರಾಡ್. ಕೆಳಗೆ ಪಕ್ಕದಲ್ಲಿ ತೂತು ಕಾಣುತ್ತಿದೆ ನೋಡಿ. ಫೋರ್ಕ್ ಒತ್ತಿಕೊಂಡಾಗ ಆಯಿಲ್ ಈ ತೂತುಗಳ ಮೂಲಕವೇ ನುಗ್ಗಬೇಕು. ತೂತಿನ ಅಳತೆ ಬದಲಾಗುವುದಿಲ್ಲ. ನೀರು ತುಂಬಿದ ಸಿರಿಂಜನ್ನು ನಿಧಾನಕ್ಕೆ ಒತ್ತಿದರೆ ಆರಾಮಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಹೆಬ್ಬೆರಳು ನೋಯುತ್ತದೆ. ಇಲ್ಲೂ ಅದೇ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನಕ್ಕೆ ಇಳಿಯುತ್ತದೆ, ಆಗ ತಡೆಯೇ ಇಲ್ಲ. ಕಲ್ಲಿಗೆ ಬಡಿದಾಗ ವೇಗ ವಿಪರೀತ, ಆಯಿಲ್‌ಗೆ ದಾರಿ ಸಾಲದೆ ಫೋರ್ಕ್ ಅಲ್ಲಿಗೇ ಕಟ್ಟಿಕೊಂಡುಬಿಡುತ್ತದೆ. ಸುಜುಕಿ ಡಿಆರ್650, ಕವಾಸಾಕಿ ಕೆಎಲ್‌ಆರ್650 ಇಂಥ ಗಟ್ಟಿಮುಟ್ಟು ಬೈಕುಗಳಲ್ಲೂ ಇರುವುದು ಇದೇ ಡ್ಯಾಂಪರ್ ರಾಡ್. ಸರಳ, ಕೆಡುವುದಿಲ್ಲ, ಅಗ್ಗ. ಅದರ ಮಿತಿ ಮಾತ್ರ ಇದು.

ಈ ಕೆವೈಬಿಯಂಥ ಕಾರ್ಟ್ರಿಡ್ಜ್ ಫೋರ್ಕಿನಲ್ಲಿ, ಅಂದರೆ ಒಳಗೆ ಪಿಸ್ಟನ್ ಇರುವ ಮುಚ್ಚಿದ ಕೊಳವೆಯುಳ್ಳ ಫೋರ್ಕಿನಲ್ಲಿ, ಕತೆ ಬೇರೆ. ಈಗ ಚಿಮಟದಲ್ಲಿ ಹಿಡಿದಿರುವುದು ಒಂದು ಶಿಮ್. ಉಕ್ಕಿನ ತೆಳು ಬಿಲ್ಲೆ, ದಪ್ಪ 0.10 ಎಂಎಂ. ಊದಿದರೆ ಹಾರಿಹೋಗುತ್ತದೆ, ಅದಕ್ಕೇ ಉಸಿರು ಬಿಗಿಹಿಡಿದು ತೋರಿಸುತ್ತಿದ್ದೇನೆ. ಇಂಥವನ್ನು ಒಂದರ ಮೇಲೊಂದು ಪೇರಿಸಿ ಪಿಸ್ಟನ್ನಿನ ತೂತುಗಳಿಗೆ ಮುಚ್ಚಳ ಹಾಕಿರುತ್ತಾರೆ. ಆಯಿಲ್ ನಿಧಾನಕ್ಕೆ ಬಂದರೆ ಬಿಲ್ಲೆಗಳು ಅಷ್ಟಾಗಿ ಬಾಗುವುದಿಲ್ಲ, ತಡೆ ಸಿಗುತ್ತದೆ. ಜೋರಾಗಿ ನುಗ್ಗಿದರೆ ಅಂಚು ಬಾಗಿ ದಾರಿ ದೊಡ್ಡದಾಗುತ್ತದೆ. ಬ್ರೇಕಿಗೆ ಗಟ್ಟಿ, ಕಲ್ಲಿಗೆ ಮೆತ್ತಗೆ. ನಮಗೆ ಬೇಕಾಗಿದ್ದು ಇದೇ ತಾನೆ? ಇನ್ನೊಂದು ವಿಷಯ. ಶಿಮ್‌ನ ಗಟ್ಟಿತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 0.10 ತೆಗೆದು ಅದೇ ಅಗಲದ 0.15 ಹಾಕಿದರೆ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಜಾಸ್ತಿ ಗಟ್ಟಿ. ಹಾಗಾಗಿ ಶಿಮ್ ವಿಷಯದಲ್ಲಿ ಅಂದಾಜಿನ ಆಟ ನಡೆಯುವುದಿಲ್ಲ.

ಹಣ ಹೋಗಬೇಕಾದದ್ದು ಈ ಬಿಲ್ಲೆಗಳಿಗೆ, ಹೊರಗಿನ ದಪ್ಪ ಕಾಲಿಗಲ್ಲ. ಕೆಲವು ಬೈಕುಗಳಲ್ಲಿ ಯುಎಸ್‌ಡಿ ಅಂತ ಬೋರ್ಡ್ ಹಾಕಿ ಒಳಗೆ ಹೊಂದಾಣಿಕೆಗೆ ಒಂದು ಸ್ಕ್ರೂ ಕೂಡ ಇಲ್ಲದ ಫೋರ್ಕ್ ಕೊಟ್ಟಿರುತ್ತಾರೆ. ನೋಡಲು ಚೆಂದ, ಅಷ್ಟೇ.

ಹಾಗಾದರೆ ಹಳೆಯ ಫೋರ್ಕನ್ನೇ ಇಟ್ಟುಕೊಂಡು ಸುಧಾರಿಸಬಹುದಾ? ಖಂಡಿತ. ಮೊದಲು ನಿಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್. ಆಮೇಲೆ ಕಾರ್ಟ್ರಿಡ್ಜ್ ಎಮ್ಯುಲೇಟರ್. ಡ್ಯಾಂಪರ್ ರಾಡಿನ ತಲೆಯ ಮೇಲೆ ಕೂರುವ ಒಂದು ಸಣ್ಣ ವಾಲ್ವ್ ಅದು. ರಾಡಿನ ಕೆಳಗಿನ ತೂತುಗಳನ್ನು ಸಾಮಾನ್ಯವಾಗಿ 8 ಎಂಎಂಗೆ ದೊಡ್ಡದು ಮಾಡಿ, ಬೇಕಾದರೆ ಇನ್ನೂ ಕೆಲವು ಕೊರೆಯುತ್ತಾರೆ. ಆಮೇಲೆ ಕಂಪ್ರೆಷನ್, ಅಂದರೆ ಫೋರ್ಕ್ ಒತ್ತಿಕೊಳ್ಳುವಾಗ ತಡೆಯುವ ಕೆಲಸವೆಲ್ಲ ಎಮ್ಯುಲೇಟರಿನದು. ರಿಬೌಂಡ್, ಅಂದರೆ ಫೋರ್ಕ್ ಮತ್ತೆ ಮೇಲೇಳುವಾಗಿನ ತಡೆ ಮಾತ್ರ ಹಳೆಯ ರಾಡ್ ಮತ್ತು ಆಯಿಲ್‌ನ ದಪ್ಪದ ಮೇಲೇ ನಿಂತಿರುತ್ತದೆ. ಎಮ್ಯುಲೇಟರಿನ ಎತ್ತರದಷ್ಟು ಸ್ಪ್ರಿಂಗ್ ಮೇಲಿನ ಸ್ಪೇಸರ್ ಕತ್ತರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಅಳತೆ) ಸುಮ್ನೆ ಏರಿಬಿಡುತ್ತದೆ. ಕಾಡುದಾರಿಯಲ್ಲಿ ಸಾಧಾರಣ ವೇಗದಲ್ಲಿ ಹೋಗುವವರಿಗೆ ಇಷ್ಟು ಧಾರಾಳ ಸಾಕು. ಚಕ್ರ, ಬ್ರೇಕ್, ಮೀಟರ್ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಮತ್ತೆ ನಾನು ಯಾಕೆ ಪೂರ್ತಿ ಬದಲಿಸಿದೆ? ನನಗೆ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಹೋಗುವ ದೂರ ಜಾಸ್ತಿ ಬೇಕಿತ್ತು, ಕಂಪ್ರೆಷನ್ ಮತ್ತು ರಿಬೌಂಡ್ ಬೇರೆ ಬೇರೆ ತಿರುಗಿಸಲು ಬೇಕಿತ್ತು, ಕಲ್ಲುಗುಂಡಿಯಲ್ಲಿ ಹ್ಯಾಂಡಲ್ ತಿರುಚಿಕೊಳ್ಳದ ಗಟ್ಟಿತನ ಬೇಕಿತ್ತು. ಸತ್ಯ ಹೇಳಬೇಕೆಂದರೆ, ಈ ಕೆಲಸ ಮಾಡುವ ಆಸೆಯೂ ಇತ್ತು.

ಈಗ ಅಸಲಿ ಕೆಲಸಕ್ಕೆ ಬರೋಣ. ಫೋರ್ಕ್ ಒಂದೇ ಬರುವುದಿಲ್ಲ, ಹಿಂದೆ ಇಡೀ ಪರಿವಾರ ಬರುತ್ತದೆ. ಕಾಲುಗಳನ್ನು ಮೇಲೆ ಮತ್ತು ಕೆಳಗೆ ಹಿಡಿದಿಡುವ ಟ್ರಿಪಲ್ ಕ್ಲಾಂಪ್ ಎರಡೂ, ಆಕ್ಸಲ್ (ಚಕ್ರದ ಅಚ್ಚು), ಚಕ್ರ, ಡಿಸ್ಕ್, ಕ್ಯಾಲಿಪರ್, ಬ್ರೇಕ್ ಹೋಸ್, ಮಾಸ್ಟರ್ ಸಿಲಿಂಡರ್. ಎಲ್ಲವನ್ನೂ ಒಂದೇ ಬೈಕಿನಿಂದ ಸೆಟ್ಟಾಗಿ ತಂದರೆ ಅರ್ಧ ತಲೆನೋವು ಕಡಿಮೆ. ಬಿಡಿಬಿಡಿಯಾಗಿ ಸೇರಿಸಲು ಹೋದರೆ ಆಕ್ಸಲ್ ಒಂದು ಸೈಜು, ಬೇರಿಂಗ್ ಇನ್ನೊಂದು ಸೈಜು, ಡಿಸ್ಕ್ ಕ್ಯಾಲಿಪರಿನ ನಡುವೆ ಬರುವುದಿಲ್ಲ, ಹೀಗೆ ಒಂದೊಂದಕ್ಕೂ ಲೇತ್ ಕಡೆ ಓಡಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಟೆಮ್. ಕೆಳಗಿನ ಕ್ಲಾಂಪಿಗೆ ಬಿಗಿಯಾಗಿ ಒತ್ತಿ ಕೂರಿಸಿರುವ ಈ ಕಂಬ, ಫ್ರೇಮಿನ ಕುತ್ತಿಗೆಯೊಳಗೆ ಬೇರಿಂಗುಗಳ ಮೇಲೆ ತಿರುಗುತ್ತದೆ. ವರ್ನಿಯರ್ ಹಿಡಿದು ಅಳೆಯಿರಿ: ಕುತ್ತಿಗೆಯ ಒಳ ಅಳತೆ ಮೇಲೆ ಎಷ್ಟು, ಕೆಳಗೆ ಎಷ್ಟು, ಉದ್ದ ಎಷ್ಟು. ಸ್ಟೆಮ್ಮಿನದೂ ಹಾಗೇ. ಉದ್ದ ಹೊಂದಿದರೆ ಅದೃಷ್ಟ. ಆಗ ಹೊರ ಅಳತೆ ನಿಮ್ಮ ಫ್ರೇಮಿಗೆ, ಒಳ ಅಳತೆ ಹೊಸ ಸ್ಟೆಮ್ಮಿಗೆ ಕೂರುವ ಟೇಪರ್ ಬೇರಿಂಗ್ ಹುಡುಕಿದರೆ ಆಯಿತು. ಉದ್ದ ಹೊಂದದಿದ್ದರೆ ಕ್ಲಾಂಪಿನಿಂದ ಸ್ಟೆಮ್ ಹೊರಗೆ ತೆಗೆದು ಬೇರೆ ಕೂರಿಸಬೇಕು. ಇದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು, ಕ್ಲಾಂಪನ್ನು ಬಿಸಿ ಮಾಡಬೇಕು. ಸುತ್ತಿಗೆ ಹಿಡಿದು ಹೊಡೆಯುವ ಕೆಲಸವಲ್ಲ. ನಿಮ್ಮ ಜೀವ ನೇತಾಡುವುದು ಈ ಕಂಬದ ಮೇಲೆ.

ಇನ್ನು ಎತ್ತರ. ಮೊಟೊಕ್ರಾಸ್ ಫೋರ್ಕಿನ ಟ್ರಾವೆಲ್ ಸುಮಾರು 300 ಎಂಎಂ, ಕಾಲೂ ಉದ್ದ. ವೀಲ್‌ಬೇಸ್ 1480 ಎಂಎಂ ಇರುವ ಬೈಕಿನಲ್ಲಿ ಮುಂಭಾಗ 25 ಎಂಎಂ ಎದ್ದರೆ ಸ್ಟೀರಿಂಗ್ ಕೋನ ಹತ್ತಿರಹತ್ತಿರ 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಒಂದು ಡಿಗ್ರಿ ಏನು ಮಹಾ ಅನ್ನಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೊರಗೆ ಜಾರಲು ನೋಡುತ್ತದೆ, ಬೈಕು ತಿರುಗಲು ಸೋಮಾರಿಯಾಗುತ್ತದೆ. ಇದರ ಜೊತೆ ಕ್ಲಾಂಪಿನ ಆಫ್‌ಸೆಟ್, ಅಂದರೆ ಸ್ಟೆಮ್ಮಿನ ಮಧ್ಯಕ್ಕೂ ಕಾಲುಗಳ ಮಧ್ಯಕ್ಕೂ ಇರುವ ಅಂತರ ಕೂಡ ಲೆಕ್ಕಕ್ಕೆ ಬರುತ್ತದೆ. ಆಫ್‌ಸೆಟ್ ಕಡಿಮೆಯಾದರೆ ಟ್ರೇಲ್ (ಸ್ಟೆಮ್ಮಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಜಾಸ್ತಿ. ನೇರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ, ತಿರುಗಲು ಭಾರ. ಹೆಚ್ಚಾದರೆ ಉಲ್ಟಾ.

ಕಾಲನ್ನು ಕ್ಲಾಂಪಿನಲ್ಲಿ ಮೇಲಕ್ಕೆ ಜಾರಿಸಿದರೆ ಆಯ್ತಲ್ಲ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಈ ದೃಶ್ಯ ನೋಡಿ. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಕೆಳಗೆ ಒತ್ತಿದ್ದೇನೆ. ಟೈರಿಗೂ ಕೆಳಗಿನ ಕ್ಲಾಂಪಿಗೂ ನಡುವೆ ಎಷ್ಟು ಜಾಗ ಉಳಿದಿದೆ? ಮಡ್‌ಗಾರ್ಡ್ ಅದರ ಮಧ್ಯೆಯೇ ಬರಬೇಕು. ಇಲ್ಲಿ ಜಾಗ ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಚಕ್ರ ಕ್ಲಾಂಪಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆಮೇಲಿನದು ಹೇಳಬೇಕಾಗಿಲ್ಲ. ಏನೇ ಬಿಟ್ಟರೂ ಈ ಪರೀಕ್ಷೆ ಬಿಡಬೇಡಿ. ಜಾರಿಸುವುದು ಸಾಲದಿದ್ದರೆ ಒಳಗಿನ ರಾಡಿಗೆ ಸ್ಪೇಸರ್ ಹಾಕಿ ಫೋರ್ಕಿನ ಉದ್ದವನ್ನೇ ಇಳಿಸಬಹುದು. ಟ್ರಾವೆಲ್ ಸ್ವಲ್ಪ ಹೋಗುತ್ತದೆ, ಆದರೆ ಬೈಕು ಮಾತು ಕೇಳುತ್ತದೆ. ನಾನು ಆ ದಾರಿಯನ್ನೇ ಹಿಡಿದೆ.

ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಯುಎಸ್‌ಡಿಯ ಮೇಲಿನ ಟ್ಯೂಬ್ ದಪ್ಪ, ಟ್ಯಾಂಕಿಗೋ ರೇಡಿಯೇಟರಿಗೋ ತಗಲಬಹುದು. ಸ್ಟೀರಿಂಗ್ ಸ್ಟಾಪ್ ಹೊಂದಿಸಿಕೊಳ್ಳಿ. ಮೊಟೊಕ್ರಾಸ್ ಚಕ್ರದಲ್ಲಿ ಮೀಟರ್ ಡ್ರೈವ್ ಇರುವುದಿಲ್ಲ, ಎಬಿಎಸ್ ಸೆನ್ಸರ್ ರಿಂಗೂ ಇರುವುದಿಲ್ಲ. ಬೈಕಿನಲ್ಲಿ ಎಬಿಎಸ್ ಇದ್ದರೆ ಕೈ ಹಾಕುವ ಮೊದಲೇ ಯೋಚಿಸಿ. ಹೆಡ್‌ಲೈಟ್ ಬ್ರ್ಯಾಕೆಟ್, ಕೇಬಲ್ ಉದ್ದ ಇವೆಲ್ಲ ಚಿಲ್ಲರೆ ಕೆಲಸ, ಆದರೆ ಸಮಯ ತಿನ್ನುವುದು ಇವೇ.

ಸೀಲ್ ಹಾಕುವ ಭಾಗ ನನಗೆ ಇಷ್ಟ. ಬಳಸಿದ ಫೋರ್ಕ್ ತಂದರೆ ಸೀಲ್, ಬುಷ್ (ಎರಡು ಟ್ಯೂಬುಗಳ ನಡುವೆ ಜಾರಲು ಕೂರಿಸುವ ಬಳೆ) ಎರಡೂ ಬದಲಿಸಿಯೇಬಿಡಿ. ಒಳ ಟ್ಯೂಬಿನ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಅದರ ಮೇಲೆ ಸ್ವಲ್ಪ ಆಯಿಲ್ ಸವರಿದ್ದೇನೆ. ಮೊದಲು ಡಸ್ಟ್ ಸೀಲ್, ಆಮೇಲೆ ಕ್ಲಿಪ್, ಆಮೇಲೆ ಆಯಿಲ್ ಸೀಲ್, ವಾಷರ್. ಕವರ್ ಯಾಕೆಂದರೆ ಬುಷ್ ಕೂರುವ ತೋಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಸೀಲ್‌ನ ತುಟಿ ಕೂದಲೆಳೆಯಷ್ಟು ಸೀಳಿದರೂ ಆಯಿಲ್ ಜಿನುಗುತ್ತದೆ. ಇದಾದ ಮೇಲೆ ಕವರ್ ತೆಗೆದು ಬುಷ್ ಹಾಕಿ, ಸೀಲ್ ಡ್ರೈವರಿನಿಂದ ತಟ್ಟುತ್ತಾ ಹೋಗಬೇಕು. ಟಪ್ ಟಪ್ ಅಂತ ಇದ್ದ ಸದ್ದು ಒಂದು ಹಂತದಲ್ಲಿ ಠಣ್ ಅಂತ ಬದಲಾಗುತ್ತದೆ, ಕೇಳಿಸಿತಾ? ಸೀಲ್ ಕೂತಿತು. ಕ್ಲಿಪ್ ಕೂರುವ ತೋಡು ಪೂರ್ತಿ ಕಾಣುತ್ತಿದೆ.

ಆಯಿಲ್ ವಿಷಯದಲ್ಲಿ ಒಂದು ಎಚ್ಚರ. ಡಬ್ಬಿಯ ಮೇಲಿನ 5ಡಬ್ಲ್ಯೂ ಅನ್ನುವ ದಪ್ಪದ ಗುರುತನ್ನು ಪೂರ್ತಿ ನಂಬಬೇಡಿ. ಒಂದು ಬ್ರ್ಯಾಂಡಿನ 5 ಇನ್ನೊಂದರ 7.5ರ ಹಾಗೆ ಇರಬಹುದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸೆಂಟಿಸ್ಟೋಕ್ (ಆಯಿಲ್‌ನ ದಪ್ಪದ ಅಳತೆ) ಎಷ್ಟು ಅಂತ ನೋಡಿ ಹೋಲಿಸಿ. ಹಳೆಯ ಮಾದರಿಯ ಫೋರ್ಕಿನಲ್ಲಿ ಸ್ಪ್ರಿಂಗ್ ತೆಗೆದು, ಪೂರ್ತಿ ಒತ್ತಿ, ಮೇಲಿನ ಅಂಚಿನಿಂದ ಆಯಿಲ್‌ವರೆಗೆ ಎಷ್ಟು ಎಂಎಂ ಅಂತ ಅಳೆಯುತ್ತಾರೆ. ಈ ಕೆವೈಬಿಯಲ್ಲಿ ಕಾರ್ಟ್ರಿಡ್ಜಿನೊಳಗೆ ಆಯಿಲ್ ಬೇರೆ, ಹೊರಗಿನ ಕೋಣೆಯಲ್ಲಿ ಬೇರೆ. ಹೊರಗಿನದಕ್ಕೆ ಲೆಕ್ಕ ಮಿಲಿಲೀಟರಿನಲ್ಲಿ. ಆಯಿಲ್ ಮೇಲೆ ಉಳಿಯುವ ಗಾಳಿಯೂ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆಯಿಲ್ ಜಾಸ್ತಿ ಹಾಕಿದರೆ ಗಾಳಿಗೆ ಜಾಗ ಕಡಿಮೆ, ಕೊನೆಯ ಭಾಗದಲ್ಲಿ ಫೋರ್ಕ್ ಗಟ್ಟಿಯಾಗುತ್ತದೆ. ತಳ ಬಡಿಯುತ್ತಿದ್ದರೆ ಮೊದಲು 10 ಮಿಲಿಲೀಟರ್ ಸೇರಿಸಿ ನೋಡಿ. ತಕ್ಷಣ ಸ್ಪ್ರಿಂಗ್ ಬದಲಿಸಲು ಹೋಗಬೇಡಿ.

ಜೋಡಿಸುವಾಗ ಕ್ಲಾಂಪಿನ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಕಡ್ಡಾಯ. ಇಂಥ ಫೋರ್ಕಿಗೆ ಸಾಮಾನ್ಯವಾಗಿ 15ರಿಂದ 20 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸು, ಆದರೆ ನಿಮ್ಮ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಗಟ್ಟಿಯಾಗಿರಲಿ ಅಂತ ಬಲ ಹಾಕಿದರೆ ಕೆಳಗಿನ ಕ್ಲಾಂಪ್ ಹೊರ ಟ್ಯೂಬನ್ನು ಅದುಮುತ್ತದೆ, ಒಳಗೆ ಬುಷ್ ಅದೇ ಜಾಗದಲ್ಲಿ ಹಿಡಿಯುತ್ತದೆ. ಫೋರ್ಕ್ ಗಟ್ಟಿ ಆಯ್ತು, ಶಿಮ್ ಬದಲಿಸಬೇಕು ಅಂತ ಜನ ಓಡಾಡುತ್ತಿರುತ್ತಾರೆ, ತಪ್ಪು ಎರಡು ಬೋಲ್ಟಿನಲ್ಲಿ ಇರುತ್ತದೆ. ಆಕ್ಸಲ್ ಕೂಡ ಹಾಗೇ. ನಟ್ ಬಿಗಿ ಮಾಡಿ, ಆಕ್ಸಲನ್ನು ಕಾಲಿನಲ್ಲಿ ಅದುಮಿ ಹಿಡಿಯುವ ಪಿಂಚ್ ಬೋಲ್ಟ್ ಸಡಿಲ ಇಟ್ಟು, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಕೆಲವು ಸಲ ಜೋರಾಗಿ ಒತ್ತಿ. ಕಾಲುಗಳು ತಾವೇ ನೇರಕ್ಕೆ ಬರುತ್ತವೆ. ಪಿಂಚ್ ಬೋಲ್ಟ್ ಆಮೇಲೆ.

ಸ್ಪ್ರಿಂಗ್ ಲೆಕ್ಕಕ್ಕೆ ಒಂದೇ ಉದಾಹರಣೆ. ಎರಡೂ ಕಾಲಿನಲ್ಲಿ 0.46 ಕೆಜಿ ಪ್ರತಿ ಎಂಎಂ ಸ್ಪ್ರಿಂಗ್ ಇದ್ದರೆ ಒಟ್ಟು 0.92. ಪ್ರೀಲೋಡ್ 5 ಎಂಎಂ ಏರಿಸಿದರೆ ಶುರುವಿನ ಬಲ 4.6 ಕೆಜಿ ಏರುತ್ತದೆ ಅಷ್ಟೇ. ಸ್ಪ್ರಿಂಗ್ ಮಾತ್ರ ಅದೇ ಸ್ಪ್ರಿಂಗ್. ಮೆತ್ತನೆಯ ಸ್ಪ್ರಿಂಗನ್ನು ಪ್ರೀಲೋಡಿನಿಂದ ಗಟ್ಟಿ ಮಾಡಲು ಆಗುವುದಿಲ್ಲ. ಗೇರ್ ಎಲ್ಲ ಹಾಕಿಕೊಂಡು ಬೈಕ್ ಮೇಲೆ ನಿಂತಾಗ ಮುಂಭಾಗ ಟ್ರಾವೆಲ್‌ನ ಕಾಲು ಭಾಗದಷ್ಟು ಇಳಿದರೆ ಶುರುವಿಗೆ ಚೆನ್ನಾಗಿದೆ. 300 ಎಂಎಂ ಇದ್ದರೆ 75ರ ಆಸುಪಾಸು.

ಈಗ ಬೈಕು ಮಣ್ಣಿಗೆ ಇಳಿದಿದೆ. ಮೊದಲ ಅನಿಸಿಕೆ? ಬ್ರೇಕಿಗೆ ಮೂಗು ಇಳಿಯುತ್ತಿಲ್ಲ, ಅದು ಭರ್ಜರಿ. ಆದರೆ ಸಣ್ಣ ಕಲ್ಲುಗಳ ಮೇಲೆ ಗಡಗಡ ಅನ್ನುತ್ತಿದೆ. ಆಶ್ಚರ್ಯವಿಲ್ಲ. ಈ ಫೋರ್ಕ್ ಹುಟ್ಟಿದ್ದು ಎತ್ತರದಿಂದ ಹಾರಿ ಇಳಿಯುವುದಕ್ಕೆ, ಬೇರುಗಳ ಮೇಲೆ ನಿಧಾನಕ್ಕೆ ಹತ್ತುವುದಕ್ಕಲ್ಲ. ಈ ಫೋರ್ಕಿನಲ್ಲಿ ಕಂಪ್ರೆಷನ್ ಸ್ಕ್ರೂ ಮೇಲೆ, ರಿಬೌಂಡ್ ಕೆಳಗೆ. ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಹೊರಗೆ ಕ್ಲಿಕ್ ಎಣಿಸಬೇಕು. ಒತ್ತಡ ಹಾಕಿ ಬಿಗಿ ಮಾಡಿದರೆ ಸ್ಕ್ರೂವಿನ ಒಳಗಿನ ಸೂಜಿಯ ತುದಿ ಹಾಳಾಗುತ್ತದೆ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡು ಕ್ಲಿಕ್, ಅದೇ ದಾರಿಯಲ್ಲಿ ಇನ್ನೊಂದು ಸುತ್ತು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ಏನು ಮಾಡಿತು ಅಂತ ಗೊತ್ತಾಗುವುದಿಲ್ಲ.

ಕಂಪ್ರೆಷನ್ ಹೊರಗೆ ತಂದಷ್ಟೂ ಕೈಗೆ ಆರಾಮ ಬಂತು, ಆದರೆ ಒಂದು ಹಂತದವರೆಗೆ ಮಾತ್ರ. ಈ ಕ್ಲಿಕ್ ಸ್ಕ್ರೂ ಮುಖ್ಯವಾಗಿ ನಿಧಾನದ ಚಲನೆಯನ್ನು ಹಿಡಿಯುತ್ತದೆ. ಚೂಪು ಕಲ್ಲಿನ ಹೊಡೆತ ಶಿಮ್‌ಗಳ ಪಾಲಿನದು. ಹಾಗಾಗಿ ಫೋರ್ಕನ್ನು ಮತ್ತೆ ಬಿಚ್ಚಿ ಕಂಪ್ರೆಷನ್ ಶಿಮ್‌ಗಳನ್ನು ಮೆತ್ತಗೆ ಮಾಡಿಸಬೇಕು. ಇದು ಗೊತ್ತಿದ್ದೇ ಕೈ ಹಾಕಿದ ಕೆಲಸ, ಮುಂದಿನ ವಿಡಿಯೋ ಅದರದ್ದೇ. ಅಷ್ಟರಲ್ಲಿ ಸ್ಟೀರಿಂಗ್ ಬೇರಿಂಗ್ ಒಮ್ಮೆ ಬಿಗಿ ನೋಡಬೇಕು, ಹೊಸ ಬೇರಿಂಗ್ ಕೂತ ಮೇಲೆ ಸಡಿಲವಾಗುವುದು ಸಹಜ. ಹಿಂದಿನ ಶಾಕ್‌ನ ಸ್ಯಾಗ್, ಅಂದರೆ ತೂಕಕ್ಕೆ ಎಷ್ಟು ಇಳಿಯುತ್ತದೆ ಅನ್ನುವುದನ್ನೂ ಹೊಸದಾಗಿ ಅಳೆಯಬೇಕು, ಮುಂದಿನ ಎತ್ತರ ಬದಲಾಗಿದೆಯಲ್ಲ.