ಆಪರೇಷನ್ ಆದ್ಮೇಲೆ ತಟ್ಟೆಗೆ ಮೊದಲು ಏನು ಬೀಳ್ಬೇಕು

ಎಲ್ರಿಗೂ ನಮಸ್ಕಾರ. ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡೋರ ಜೊತೆ ಅವರ ಮನೆಯವರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಒಳ್ಳೇದಾಯ್ತು, ಯಾಕಂದ್ರೆ ನಾನಿವತ್ತು ಹೇಳೋದ್ರಲ್ಲಿ ಮುಕ್ಕಾಲು ಭಾಗ ಅಡುಗೆ ಮಾಡೋರಿಗೆ ಬೇಕಾಗಿರೋದೇ. ಸರ್ಜನ್ ಕೆಲಸ ಒಂದೆರಡು ಗಂಟೆ. ಆಮೇಲಿಂದು ಪೂರ್ತಿ ನಿಮ್ಮನೆ ಅಡುಗೆಮನೇಲಿ ನಡೆಯುತ್ತೆ. ಡಯಟಿಷಿಯನ್ ಆಗಿ ನಾನು ದಿನಾ ನೋಡೋದು ಏನಂದ್ರೆ, ಆಪರೇಷನ್ ಚೆನ್ನಾಗೇ ಆಗಿರುತ್ತೆ, ಹೊಲಿಗೆ ಒಣಗಿರುತ್ತೆ, ಆದ್ರೆ ತಟ್ಟೆ ಮಾತ್ರ ಹಳೇದೇ ಇರುತ್ತೆ. ನಡುವೆ ಅನ್ನ ಇಲ್ಲಾ ಮುದ್ದೆ, ಮೇಲೆ ಸಾರು, ಓರೆಗೆ ಒಂದು ಚಮಚ ಪಲ್ಯ, ಕೊನೇಗೆ ಮಜ್ಜಿಗೆ. ಈ ಕ್ರಮ ಇನ್ಮೇಲೆ ನಡಿಯಲ್ಲ, ಪೂರ್ತಿ ತಿರುಗಿಸ್ಬೇಕು.

ಯಾಕೆ ಅಂತ ಗೊತ್ತಾದ್ರೆ ಮಾಡೋದು ಸುಲಭ. ಸ್ಲೀವ್ ಅಂತ ಮಾಡ್ತಾರಲ್ಲ, ಅದ್ರಲ್ಲಿ ಹೊಟ್ಟೆಯ ಚೀಲದ 75ರಿಂದ 80 ಪರ್ಸೆಂಟ್ ತೆಗೆದುಬಿಡ್ತಾರೆ, ಉಳಿಯೋದು ಒಂದು ಸಣ್ಣ ಕೊಳವೆ, ಅದು ಹಿಡಿಯೋದು 100-150 ಎಂಎಲ್ ಅಷ್ಟೇ. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸೋದು) ಆದೋರಿಗೆ ಇನ್ನೂ ಕಮ್ಮಿ, ಶುರುವಲ್ಲಿ 30 ಎಂಎಲ್ ಆಸುಪಾಸು, ಜೊತೆಗೆ ಊಟ ಸಣ್ಣ ಕರುಳಿನ ಮೊದಲ ಭಾಗ ಮುಟ್ಟದೇ ಮುಂದಕ್ಕೆ ಹೋಗುತ್ತೆ, ಐರನ್ ಕ್ಯಾಲ್ಸಿಯಂ ಜಾಸ್ತಿ ಹೀರ್ಕೊಳ್ತಿದ್ದಿದ್ದೇ ಆ ಭಾಗ. ಸ್ಲೀವ್‌ನಲ್ಲಿ ಇನ್ನೊಂದು ಆಗುತ್ತೆ, ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ, ಆ ಭಾಗಾನೇ ಹೋಗಿರುತ್ತೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ "ಹಸಿವೇ ಆಗಲ್ಲ ಮೇಡಂ" ಅಂತಾರೆ. ಹಸಿವಾಗಲ್ಲ ಅಂತ ತಿನ್ನದೇ ಇದ್ರೆ ಕರಗೋದು ಕೊಬ್ಬು ಮಾತ್ರ ಅಲ್ಲ, ಮಾಂಸಖಂಡಾನೂ ಕರಗುತ್ತೆ, ತೂಕದ ಮಷೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ.

ಮೊದಲ ವಾರಗಳ ಬಗ್ಗೆ ಬೇಗ ಹೇಳ್ಬಿಡ್ತೀನಿ, ಚಾರ್ಟ್ ನಿಮ್ಮ ಕೈಲಿದೆ, ನಿಮ್ಮ ಸರ್ಜನ್ ಕೊಟ್ಟಿರೋದು ನಾನು ಹೇಳೋದಕ್ಕಿಂತ ಬೇರೆ ಇದ್ರೆ ಅವರದ್ದೇ ಫಾಲೋ ಮಾಡಿ. ಮೊದಲೊಂದೆರಡು ದಿನ ತಿಳಿ ನೀರಿನಂಥದ್ದು, ನೀರು, ಸೋಸಿದ ತಿಳಿಸಾರು, ಎಳನೀರು (ಕಿಡ್ನಿ ತೊಂದರೆ ಇದ್ರೆ ಎಳನೀರು ಡಾಕ್ಟರನ್ನ ಕೇಳಿ ಕುಡೀರಿ). ಆಮೇಲೆ ಎರಡು ವಾರದವರೆಗೆ ಹಾಲು, ನೀರು ಮಜ್ಜಿಗೆ, ಬೆಲ್ಲ ಹಾಕದ ತೆಳ್ಳನೆ ರಾಗಿ ಅಂಬಲಿ, ಪ್ರೋಟೀನ್ ಪೌಡರ್. ಮೂರನೇ ನಾಲ್ಕನೇ ವಾರ ನುಣ್ಣಗೆ ಅರೆದದ್ದು, ಮಸೆದ ಬೇಳೆ, ಮೊಸರು, ಆಮೇಲೆ ಮೆತ್ತಗಿನ ಪದಾರ್ಥ, ಒಂದೂವರೆ ಎರಡು ತಿಂಗಳಿಗೆ ಮನೆ ಊಟ. ನಡೆಯೋದು ಮಾತ್ರ ಆಪರೇಷನ್ ದಿನದಿಂದಲೇ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತ. ಜ್ವರ, ಎದೆಬಡಿತ ಜೋರಾಗೋದು, ಹೊಟ್ಟೆನೋವು ಹೆಚ್ತಾ ಹೋಗೋದು ಇದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಹೊಟ್ಟೆಯ ಚೀಲ ಕತ್ತರಿಸಿ ಸ್ಟೇಪಲ್ ಪಿನ್ ಹಾಕಿ ಮುಚ್ಚಿರೋ ಜಾಗದಲ್ಲಿ ಸೋರ್ತಿರಬಹುದು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆ 6 ಗ್ರಾಂ. ಒಂದು ಲೋಟ ಹಾಲು ಆರೇಳು ಗ್ರಾಂ. 100 ಗ್ರಾಂ ಪನೀರ್ ಹದಿನೆಂಟರ ಹತ್ರ. ಎರಡು ಇಡ್ಲಿ ತಿಂದ್ರೆ ನಾಲ್ಕೈದು ಗ್ರಾಂ ಅಷ್ಟೇ, ಅಷ್ಟರಲ್ಲಿ ಹೊಟ್ಟೆ ತುಂಬಿ ಹೋಗಿರುತ್ತೆ. ಇಲ್ಲೇ ಅಡುಗೆ ಮಾಡೋರು ಗಮನಿಸ್ಬೇಕು. ಬಸ್ಸಾರು ಮಾಡ್ತೀರಲ್ಲ, ಕಾಳು ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡ್ತೀರಿ, ಕಾಳು ಪಲ್ಯಕ್ಕೆ ಹೋಗುತ್ತೆ. ರುಚಿ ಎಲ್ಲಾ ಸಾರಲ್ಲಿ, ಪ್ರೋಟೀನ್ ಎಲ್ಲಾ ಪಲ್ಯದಲ್ಲಿ. ನಾವು ಸಾರಲ್ಲಿ ಮುದ್ದೆ ನುಂಗಿ ಪಲ್ಯ ಬದೀಗಿಡ್ತೀವಿ. ಹುರುಳಿ ಕಟ್ಟಿನ ಸಾರೂ ಅಷ್ಟೇ, ಕಟ್ಟು ಮನುಷ್ಯರಿಗೆ, ಬೆಂದ ಹುರುಳಿ ಎಷ್ಟೋ ಮನೇಲಿ ದನಕ್ಕೆ ಹೋಗುತ್ತಿತ್ತು, ಆ ದನಕ್ಕೇ ಒಳ್ಳೇ ಪಾಲು ಸಿಕ್ತಾ ಇತ್ತು ಅನ್ನಿ. ಆಪರೇಷನ್ ಆದೋರ ತಟ್ಟೆಗೆ ಮೊದಲು ಆ ಕಾಳಿನ ಪಲ್ಯ ಬೀಳ್ಬೇಕು, ಮೊಟ್ಟೆ, ಮೀನು, ಮೆತ್ತಗೆ ಬೆಂದ ಚಿಕನ್, ಪನೀರ್, ಗಟ್ಟಿ ಮೊಸರು, ಸೋಯಾ, ನಿಮ್ಮನೇಲಿ ಏನು ನಡೆಯುತ್ತೋ ಅದು. ಅದು ಮುಗಿದ್ಮೇಲೆ ತರಕಾರಿ, ಇನ್ನೂ ಜಾಗ ಇದ್ರೆ ಎರಡು ತುತ್ತು ಅನ್ನ. ಜಾಗ ಇಲ್ಲಾಂದ್ರೆ ಅನ್ನ ಬೇಡ, ಅನ್ನ ಮುಟ್ಟದೇ ಎದ್ರೆ ಊಟಾನೇ ಆಗಿಲ್ಲ ಅಂತ ಅಮ್ಮಂದಿರು ಬೇಜಾರು ಮಾಡ್ಕೊಬಾರ್ದು.

ಮುದ್ದೆ ಬಗ್ಗೆ ಎಲ್ರೂ ಕೇಳ್ತಾರೆ, ಅದ್ರಲ್ಲೂ ಮಂಡ್ಯ, ಹಾಸನ, ಕೋಲಾರದ ಕಡೆಯೋರು. ರಾಗಿ ಒಳ್ಳೇದೇ, ಕ್ಯಾಲ್ಸಿಯಂ ಚೆನ್ನಾಗಿದೆ, ಅದರ ಮೇಲೆ ನಂಗೆ ಯಾವ ದೂರೂ ಇಲ್ಲ. ತೊಂದರೆ ನುಂಗೋದ್ರಲ್ಲಿದೆ. ಮುದ್ದೆ ಅಗಿಯೋ ರೂಢಿ ನಮಗಿಲ್ಲ, ಚಿಕ್ಕೋರಿದ್ದಾಗಿಂದ ಅಗೀಬೇಡ ನುಂಗು ಅಂತಾನೇ ಕಲ್ಸಿರ್ತಾರೆ, ಆದ್ರೆ ಈ ಕಿರಿದಾದ ಕೊಳವೆಗೆ ಅಗಿಯದ ತುತ್ತು ಹೋದ್ರೆ ಅಲ್ಲೇ ನಿಲ್ಲುತ್ತೆ, ಎದೆ ಹಿಂಡಿದ ಹಾಗಾಗುತ್ತೆ, ಬಾಯಲ್ಲಿ ನೊರೆ ಬರುತ್ತೆ, ಕೊನೇಗೆ ವಾಂತಿ. ಅದಕ್ಕೇ ಮೊದಲ ಕೆಲವು ತಿಂಗಳು ರಾಗಿಯನ್ನ ಅಂಬಲಿಯಾಗಿ, ಇಲ್ಲಾ ತೆಳ್ಳನೆ ದೋಸೆಯಾಗಿ ಕೊಡಿ. ಜಿಗುಟು ಅನ್ನ, ಮೆತ್ತಗಿನ ಬ್ರೆಡ್, ಒಣಕಲು ಚಿಕನ್ ತುಂಡು ಇವೂ ಹೀಗೇ ಸಿಕ್ಕಾಕ್ಕೊಳ್ತವೆ. ಚಿಕ್ಕ ತುತ್ತು, ಚೆನ್ನಾಗಿ ಅಗಿದು, ಒಂದು ಊಟಕ್ಕೆ 20-30 ನಿಮಿಷ, ಟೀವಿ ಮೊಬೈಲ್ ಇಲ್ಲದೆ.

ನೀರು ಊಟದ ಜೊತೆ ಬೇಡ. ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡೀತಾ ದಿನಕ್ಕೆ ಒಂದೂವರೆ ಎರಡು ಲೀಟರ್ ಮುಟ್ಟಿಸ್ಬೇಕು. ಊಟದ ಜೊತೆ ಕುಡಿದ್ರೆ ಇರೋ ಸ್ವಲ್ಪ ಜಾಗವೂ ತುಂಬುತ್ತೆ, ತಿಂದಿದ್ದೂ ಬೇಗ ಜಾರಿ ಹೋಗುತ್ತೆ, ಒಂದೇ ಗಂಟೇಲಿ ಮತ್ತೆ ಏನಾದ್ರೂ ಬೇಕು ಅನ್ಸುತ್ತೆ. ಸಾರನ್ನ ಧಾರಾಳವಾಗಿ ಸುರಿದು ಕಲಸೋದೂ ಮಜ್ಜಿಗೆ ಅನ್ನದಲ್ಲಿ ಊಟ ಮುಗಿಸೋದೂ ಇದೇ ಕಾರಣಕ್ಕೆ ಬಿಡ್ಬೇಕು. ಮಜ್ಜಿಗೆ ಬಿಡೋದಲ್ಲ, ನಾಲ್ಕು ಗಂಟೆಗೆ ಕುಡೀರಿ.

ಇನ್ನು ಸಿಹಿ. ಹೋಳಿಗೆ, ಪಾಯಸ, ಕಬ್ಬಿನ ಹಾಲು. ಬೈಪಾಸ್ ಆದೋರಿಗೆ ಇವು ನೇರ ಕರುಳಿಗೆ ಇಳಿದು 10-30 ನಿಮಿಷದಲ್ಲಿ ಬೆವರು, ಎದೆ ಢವಢವ, ಹೊಟ್ಟೆ ನುಲಿತ, ಬೇಧಿ. ಇದಕ್ಕೆ ಡಂಪಿಂಗ್ ಅಂತಾರೆ, ಸ್ಲೀವ್‌ನಲ್ಲೂ ಕೆಲವರಿಗೆ ಬರುತ್ತೆ. ಇನ್ನೊಂದು ಥರ ಇದೆ, ಸಿಹಿ ತಿಂದು ಒಂದರಿಂದ ಮೂರು ಗಂಟೆ ಆದ್ಮೇಲೆ ಇನ್ಸುಲಿನ್ ಜಾಸ್ತಿಯಾಗಿ ಶುಗರ್ ಇಳಿದು ಕೈ ನಡುಗಿ ಕಣ್ಣು ಕತ್ತಲೆ ಬರೋದು, ಇದು ಎಷ್ಟೋ ಸಲ ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಶುರುವಾಗುತ್ತೆ, ಹಬ್ಬದ ಮನೇಲಿ ಇದನ್ನ ದೃಷ್ಟಿ ಅಂತಲೋ ಬಿಪಿ ಅಂತಲೋ ಅಂದ್ಕೊಂಡು ನಿವಾಳಿಸಿ ಮಲಗಿಸ್ತಾರೆ. ಗ್ಲೂಕೋಮೀಟರ್ ಇದ್ರೆ ತಕ್ಷಣ ನೋಡಿ, ಬರೆದಿಟ್ಕೊಂಡು ಡಾಕ್ಟರಿಗೆ ತೋರ್ಸಿ.

ವಾಂತಿ ವಿಷಯ ಒಂದು ದಯವಿಟ್ಟು ನೆನಪಿಟ್ಕೊಳ್ಳಿ, ಇದು ನಂಗೆ ತುಂಬಾ ಮುಖ್ಯ. ಎರಡು ಮೂರು ದಿನ ಬಿಡದೆ ವಾಂತಿ ಆಗ್ತಿದ್ರೆ ದೇಹದಲ್ಲಿ ಬಿ1, ಅಂದ್ರೆ ಥಯಮಿನ್ ಬೇಗ ಖಾಲಿಯಾಗುತ್ತೆ, ಅದರ ಕೂಡಿಟ್ಟ ಸ್ಟಾಕು ದೇಹದಲ್ಲಿ ಕೆಲವೇ ವಾರಕ್ಕೆ ಆಗೋವಷ್ಟು. ಆಗ ಹತ್ತಿರದ ಕ್ಲಿನಿಕ್‌ಗೆ ಹೋದ್ರೆ ಸುಸ್ತು ಅಂತ ಮೊದಲು ಗ್ಲೂಕೋಸ್ ಡ್ರಿಪ್ ಹಾಕ್ತಾರೆ. ಥಯಮಿನ್ ಕೊಡದೆ ಗ್ಲೂಕೋಸ್ ಹಾಕಿದ್ರೆ ಮಿದುಳಿಗೆ ಪೆಟ್ಟು ಬೀಳ್ಬಹುದು, ಕಣ್ಣು ಅತ್ತಿತ್ತ ಓಡೋದು, ನಡಿಗೆ ತಪ್ಪೋದು, ಮಾತು ಗೊಂದಲ ಆಗೋದು. ಇವರಿಗೆ ಬೇರಿಯಾಟ್ರಿಕ್ ಸರ್ಜರಿ, ಅಂದ್ರೆ ತೂಕ ಇಳಿಸೋ ಆಪರೇಷನ್ ಆಗಿದೆ, ಮೊದಲು ಬಿ1 ಇಂಜೆಕ್ಷನ್ ಬೇಕಾ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಒಂದು ಚೀಟೀಲಿ ಬರೆದು ಪರ್ಸಲ್ಲಿಟ್ಕೊಂಡ್ರೆ ಇನ್ನೂ ಒಳ್ಳೇದು. ಅದೇ ಚೀಟೀಲಿ ಬ್ರೂಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬೇಡ ಅಂತಾನೂ ಬರೀರಿ, ಬೈಪಾಸ್ ಆದೋರಿಗೆ ಹೊಟ್ಟೆ ಕರುಳು ಜೋಡಿಸಿರೋ ಜಾಗದಲ್ಲಿ ಹುಣ್ಣಾಗಬಹುದು.

ಮೂರು ನಾಲ್ಕನೇ ತಿಂಗಳಲ್ಲಿ ಕೂದಲು ಉದುರುತ್ತೆ. ಬಹಳಷ್ಟು ಜನಕ್ಕೆ ಮತ್ತೆ ಬರುತ್ತೆ, ಪ್ರೋಟೀನು ಐರನ್ನು ಸರಿಯಾಗಿದ್ರೆ. ಆಗಲೇ ನೆಂಟರ ಕಾಟ ಶುರುವಾಗೋದೂ, ಮುಖ ಬಾಡಿಹೋಯ್ತಲ್ಲೇ, ಇನ್ನೊಂದು ತುತ್ತು ಹಾಕ್ಕೋ, ಎಲೇಲಿ ಬಿಡಬಾರ್ದು. ಮದುವೆ ಮನೇಲಿ ಎಲೆ ಮುಂದೆ ಕೂತು ಬಡಿಸೋರಿಗೆ ಹತ್ತು ಸಲ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಆಪರೇಷನ್ ಆದೋರಿಗೇ ಗೊತ್ತು. ಪಕ್ಕದಲ್ಲಿ ಕೂತ ಮನೆಯವರು ಆ "ಬೇಡ" ಹೇಳಿದ್ರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ತೂಕ ಸಾಮಾನ್ಯವಾಗಿ ಒಂದು ಒಂದೂವರೆ ವರ್ಷದವರೆಗೆ ಇಳಿದು ನಿಲ್ಲುತ್ತೆ, ಅಷ್ಟು ಹೊತ್ತಿಗೆ ಹಸಿವೂ ಸ್ವಲ್ಪ ವಾಪಸ್ ಬರುತ್ತೆ. ಅವಾಗ ಮತ್ತೆ ತೂಕ ಏರಿಸೋದು ದೊಡ್ಡ ಊಟ ಅಲ್ಲ, ದೊಡ್ಡ ಊಟ ಒಳಗೆ ಹೋಗೋದೇ ಇಲ್ಲ. ಚಕ್ಕುಲಿ, ಖಾರ ಬೂಂದಿ, ಬಿಸ್ಕತ್ತು, ಸಕ್ಕರೆ ಕಾಫಿ, ಇವೆಲ್ಲ ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಇಳೀತವೆ, ಅಡ್ಡಾಡ್ತಾ ಡಬ್ಬಿಗೆ ಕೈ ಹಾಕ್ತಾ ದಿನವಿಡೀ ಹೋಗುತ್ತೆ. ಡಬ್ಬಿ ಅಡುಗೆಮನೆ ಕಟ್ಟೆ ಮೇಲಿಂದ ತೆಗೀರಿ, ಮನೆಯವರೆಲ್ಲ ಸೇರಿ ತೆಗೀರಿ. ಕುಡಿಯೋ ಅಭ್ಯಾಸ ಇದ್ದೋರು ಇನ್ನೂ ಹುಷಾರು, ಬೈಪಾಸ್ ಆದ್ಮೇಲೆ ಒಂದು ಪೆಗ್ಗೂ ಬೇಗ ರಕ್ತಕ್ಕೆ ಏರುತ್ತೆ, ಮೊದಲು ಚಟ ಇಲ್ಲದೋರಿಗೂ ಎರಡನೇ ವರ್ಷದ ಹೊತ್ತಿಗೆ ಚಟ ಹತ್ತೋ ಅಪಾಯ ಇದೆ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ ಮೊದಲ ವರ್ಷ ಡಾಕ್ಟರನ್ನ ಕೇಳದೆ ಮಾಡ್ಬೇಡಿ. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ತೊಂದರೆ) ಇದ್ದ ಹೆಣ್ಮಕ್ಕಳು ತೂಕ ಇಳಿದ ಹಾಗೆ ಬೇಗ ಬಸಿರಾಗಬಹುದು, ಆದ್ರೆ 12ರಿಂದ 18 ತಿಂಗಳು ಬಸಿರು ಬೇಡ, ಬೈಪಾಸ್ ಆದೋರು ಬರೀ ನುಂಗೋ ಗರ್ಭನಿರೋಧಕ ಮಾತ್ರೆ ನಂಬ್ಕೊಬೇಡಿ.

ಕೊನೇದಾಗಿ ವಿಟಮಿನ್ ಮಾತ್ರೆ. ಜೀವನಪೂರ್ತಿ. ಕ್ಯಾಲ್ಸಿಯಂ ಸಿಟ್ರೇಟ್ ತಗೊಳ್ಳಿ, ಅದು ಹೊಟ್ಟೇಲಿ ಆಸಿಡ್ ಕಮ್ಮಿ ಇದ್ರೂ ಹೀರುತ್ತೆ, ದಿನಕ್ಕೆ ಒಟ್ಟು 1200ರಿಂದ 1500 ಮಿಲಿಗ್ರಾಂ, ಎರಡು ಮೂರು ಸಲ ಹಂಚಿ. ಐರನ್ ಮಾತ್ರೆ ಅದರಿಂದ ಎರಡು ಗಂಟೆ ದೂರ, ಕಾಫಿ ಟೀಯಿಂದಾನೂ ದೂರ. ಬಿ12 ಹೀರೋಕೆ ಬೇಕಾದ ವಸ್ತು ಹೊಟ್ಟೇಲೇ ತಯಾರಾಗೋದು, ಈಗ ಹೊಟ್ಟೇನೇ ಚಿಕ್ಕದಾಗಿದೆ, ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಮ್ಮಿ ಇರುತ್ತೆ. ಲಿವರ್‌ನಲ್ಲಿ ಬಿ12 ಸ್ಟಾಕ್ ವರ್ಷಗಟ್ಟಲೆ ಇರೋದ್ರಿಂದ ಮಾತ್ರೆ ಬಿಟ್ರೂ ಮೊದಲು ಏನೂ ಆಗಲ್ಲ, ಚೆನ್ನಾಗೇ ಇದ್ದೀನಿ ಅನ್ಕೊಂಡು ಫಾಲೋಅಪ್ಪೂ ನಿಲ್ಲಿಸ್ತಾರೆ, ನಾಲ್ಕೈದು ವರ್ಷಕ್ಕೆ ಪಾದ ಜೋಮು ಹಿಡಿದು ಬರ್ತಾರೆ, ಮೂಳೆ ಡಾಕ್ಟರ್, ನರದ ಡಾಕ್ಟರ್ ಎಲ್ಲಾ ಸುತ್ತಿ. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ಪ್ರತಿ ವರ್ಷ ಹೀಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಐರನ್ ತೋರಿಸುತ್ತೆ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ಹತೋಟೀಲಿಡೋ ಹಾರ್ಮೋನು), ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಇಷ್ಟೂ ಟೆಸ್ಟ್ ಮಾಡಿಸಿ. ಹೋದ ಸಲದ ರಿಪೋರ್ಟ್ ತಂದಿರೋರು ಊಟದ ಬ್ರೇಕಲ್ಲಿ ನನ್ನ ಹತ್ರ ತನ್ನಿ, ಒಟ್ಟಿಗೆ ಕೂತು ನೋಡೋಣ.