ಪತ್ತನಾಜೆಗೆ ಮೊದಲು ಮುಚ್ಚಬೇಕಾದ ಪೆಟ್ಟಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಮೇ ಕೊನೆಗೆ, ಮಳೆಗೆ ಮುಂಚೆ ಬರುವ ತುಳುನಾಡಿನ ಪತ್ತನಾಜೆ ದಿನ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ, ಹಪ್ಪಳದ ಡಬ್ಬದ ಮುಚ್ಚಳ ಬಿಗಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯಲ್ಲಿ ಕಾಮಿಕ್ಸ್ ಕೂಡಿಡುವವರಿಗೂ ಅದೇ ಗಡುವು. ಜಡಿಮಳೆಯ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ನಲವತ್ತು ವರ್ಷ ಹಳೆಯ ನ್ಯೂಸ್‌ಪ್ರಿಂಟ್ ಉಳಿಸಿಕೊಳ್ಳುವುದೆಂದರೆ ಅರ್ಧ ಹವ್ಯಾಸ, ಅರ್ಧ ಮಳೆಯೊಡನೆ ಜಗಳ.

ಕಾಮಿಕ್ಸ್ ಓದುವ ಹುಚ್ಚು ಒಂದು, ಇಟ್ಟುಕೊಳ್ಳುವ ಹುಚ್ಚು ಇನ್ನೊಂದು. ಓದುವವರಿಗೆ ಕಥೆ ಮುಗಿದರೆ ಮುಗಿಯಿತು. ಕೂಡಿಡುವವರಿಗೆ ಕೆಲಸ ಶುರುವಾಗುವುದೇ ಆಮೇಲೆ. ಇದು ಎಷ್ಟನೆಯ ಸಂಖ್ಯೆ, ಮೊದಲ ಮುದ್ರಣವೋ ಮರುಮುದ್ರಣವೋ, ನಡುಹಾಳೆ ಇದೆಯೋ ಇಲ್ಲವೋ ಎಂದು ನೋಡಬೇಕು. ಕನ್ನಡದ ಪ್ರತಿಗಳಾದರೆ ಈ ನೋಟ ಇನ್ನೂ ಹರಿತವಾಗಿರಬೇಕು. ಅವನ್ನು ಮಕ್ಕಳು ಓದಿ ಓದಿ ಹರಿದಿದ್ದಾರೆ, ದೊಡ್ಡವರು ಗುಜರಿಗೆ ತೂಕಕ್ಕೆ ಹಾಕಿದ್ದಾರೆ. ಉಳಿದದ್ದು ಕಡಿಮೆ. ಹಾಗಾಗಿ ಹತ್ತಕ್ಕೆ ಎಷ್ಟು ಅಂಕ ಎಂದು ಸ್ಥಿತಿ ಅಳೆಯುವ ಅಮೆರಿಕದ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಪುಟ ಪೂರ್ತಿ ಇದ್ದು, ಓದಲು ಆಗುವಂತಿದ್ದರೆ ತೆಗೆದುಕೊಳ್ಳಿ. ಚಂದದ ಪ್ರತಿ ಮುಂದೆ ಸಿಕ್ಕಿದಾಗ ಬದಲಿಸಿಕೊಂಡರಾಯಿತು.

ಈ ಹುಚ್ಚಿಗೆ ನಮ್ಮ ಜಿಲ್ಲೆಯ ನಂಟೂ ಇದೆ. ಅಮರ ಚಿತ್ರಕಥೆಯ ಸಂಪಾದಕ, ಮಕ್ಕಳ ಪಾಲಿನ ‘ಅಂಕಲ್ ಪೈ’ ಅನಂತ ಪೈ ಹುಟ್ಟಿದ್ದು 1929ರಲ್ಲಿ ಕಾರ್ಕಳದಲ್ಲಿ. ಆ ಮಾಲೆಯಲ್ಲಿ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆ. ಹೊಸದಾಗಿ ಕೂಡಿಡಲು ಹೊರಟವರು ಒಂದರಿಂದ ಹತ್ತು ಎಲ್ಲಿ ಹೋಯಿತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಹತ್ತು ಸಿಂಡ್ರೆಲಾ ಮಾದರಿಯ ಪರದೇಶದ ಕಥೆಗಳು, ಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಪ್ರತಿಗಳ ರಾಶಿಯಲ್ಲಿ ಅವನ್ನು ಹುಡುಕಿದರೆ ಸಿಗುವುದಿಲ್ಲ.

ಸಂಖ್ಯೆಯೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಕೃಷ್ಣನ ಮೇಲೆ 501 ಎಂದಿದ್ದರೆ ಅದು ಆಮೇಲಿನ ಡಿಲಕ್ಸ್ ಮರುಮುದ್ರಣ. ಒಳರಕ್ಷಾಪುಟದಲ್ಲಿ ಪ್ರಕಾಶಕರ ಹೆಸರು ಇಂಡಿಯಾ ಬುಕ್ ಹೌಸ್ ಆಗಿದ್ದರೆ ಹಳೆಯದು. ಎಸಿಕೆ ಮೀಡಿಯಾ ಎಂದಿದ್ದರೆ 2007ರ ಈಚಿನದು. ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳ ಇಂದ್ರಜಾಲ ಕಾಮಿಕ್ಸಿಗೆ ಬೇರೆ ಲೆಕ್ಕ. 1964ರ ಮಾರ್ಚಿನಲ್ಲಿ ಶುರುವಾಗಿ 1990ರಲ್ಲಿ ನಿಂತ ಮಾಲೆ ಅದು. ಇಂಗ್ಲಿಷಿನಲ್ಲಿ 443ರ ತನಕ ನೇರ ಸಂಖ್ಯೆ, ಆಮೇಲೆ ಸಂಪುಟ ಮತ್ತು ಸಂಚಿಕೆ. ಸಂಪುಟ ಸಂಖ್ಯೆಗೆ 1963 ಕೂಡಿಸಿ, ವರ್ಷ ಸಿಗುತ್ತದೆ: ಸಂಪುಟ 20 ಎಂದರೆ 1983. ಒಂದೇ ಕಥೆಗೆ ಎಲ್ಲ ಭಾಷೆಯಲ್ಲೂ ಒಂದೇ ಸಂಖ್ಯೆ ಇರಬೇಕೆಂದೇನೂ ಇಲ್ಲ. ಅದಕ್ಕೇ ನಿಮ್ಮ ಪುಸ್ತಕದ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕ ಭಾಷೆಯನ್ನೂ ಮುಖಬೆಲೆಯನ್ನೂ ಬರೆದಿಡಿ. ಬೆಲೆಯೇ ಎಷ್ಟೋ ಸಲ ಮುದ್ರಣದ ಜಾತಕ ಹೇಳುತ್ತದೆ.

ರಕ್ಷಾಪುಟ ಅಸಲಿಯೋ ಜೆರಾಕ್ಸೋ ಎಂಬ ಅನುಮಾನ ಬಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಬಣ್ಣವನ್ನು ಬಿಡಿ, ಕಪ್ಪು ಗೆರೆಯನ್ನು ನೋಡಿ. ಹಳೆಯ ಅಚ್ಚಿನಲ್ಲಿ ಬಣ್ಣ ಚುಕ್ಕಿ ಚುಕ್ಕಿಯಾಗಿದ್ದರೂ ಚಿತ್ರದ ಕಪ್ಪು ಗೆರೆ ಇಡಿಯಾಗಿ, ಕುಂಚ ಎಳೆದ ಹಾಗೇ ಇರುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರಲ್ಲಿ ಸಾಮಾನ್ಯವಾಗಿ ಆ ಗೆರೆಯೂ ಚುಕ್ಕಿಗಳಾಗಿ ಒಡೆದಿರುತ್ತದೆ, ಅಂಚು ಗರಗಸದಂತಿರುತ್ತದೆ.

ಭೂತಗನ್ನಡಿ ಕೈಯಲ್ಲಿರುವಾಗಲೇ ಮಾತಿನ ಗುಳ್ಳೆಯನ್ನೂ ಒಮ್ಮೆ ನೋಡಿ. ಇಂಗ್ಲಿಷಿಗಾಗಿ ಬರೆದ ಗುಳ್ಳೆಯಲ್ಲಿ ಕನ್ನಡ ಕೂರಿಸುವುದು ಸುಲಭವಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಿನಲ್ಲಿ ಸಪಾಟಾಗಿ ನಿಲ್ಲುತ್ತವೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹಾಗಾಗಿ ನಾಲ್ಕು ಸಾಲು ಹಿಡಿಯುವ ಜಾಗದಲ್ಲಿ ಮೂರೇ ಸಾಲು. ಅನುವಾದಕರು ಮಾತು ಕತ್ತರಿಸಲೇಬೇಕು. ಕೆಲವರು ಹೇಗೆ ಬೇಕೋ ಹಾಗೆ ಕತ್ತರಿಸಿದ್ದಾರೆ, ಕೆಲವರು ಎಷ್ಟು ಚೊಕ್ಕಟವಾಗಿ ಕತ್ತರಿಸಿದ್ದಾರೆಂದರೆ ಮೂಲಕ್ಕಿಂತ ಕನ್ನಡವೇ ಬಿಗಿ. ಒಂದೇ ಕಥೆಯ ಎರಡು ಭಾಷೆಯ ಪ್ರತಿ ಪಕ್ಕಪಕ್ಕ ಇಟ್ಟು ನೋಡುವ ಸುಖ ಇಲ್ಲಿದೆ. ಬೆಲೆ ಏರುತ್ತದೆಂದು ಕೂಡಿಡುವವರಿಗೆ ಇದು ತಿಳಿಯುವುದು ಕಷ್ಟ, ಇರಲಿ.

ಇನ್ನು ಗುಜರಿ ಅಂಗಡಿ. ರಾಶಿಯ ಮೇಲಿನದಕ್ಕಿಂತ ನಡುವಿನದು ಚೆನ್ನಾಗಿರುತ್ತದೆ. ಅಡಿಯದ್ದು ನೆಲದ ನೀರು ಕುಡಿದಿರುತ್ತದೆ. ಬಾಲಮಂಗಳ, ತುಂತುರುಗಳ ಕಟ್ಟಿನೊಳಗೆ ತೆಳು ಕಾಮಿಕ್ಸ್ ಸಿಕ್ಕಿಕೊಂಡಿರುವುದುಂಟು, ಕಟ್ಟು ಬಿಚ್ಚಿಯೇ ನೋಡಿ. ಕೈಗೆ ಬಂದ ಕೂಡಲೇ ಮಧ್ಯಕ್ಕೆ ತೆರೆಯಿರಿ. ಪಿನ್ನು ಕಳಚಿ ಮೊದಲು ಬೀಳುವುದು ನಡುಹಾಳೆ, ಅದು ಹೋದರೆ ನಾಲ್ಕು ಪುಟ ಹೋಯಿತು. ಪುಟಸಂಖ್ಯೆ ಎಣಿಸಿ. ಕೂಪನ್ ಕತ್ತರಿಸಿದ್ದಾರೆಯೇ, ಪದಬಂಧ ತುಂಬಿಸಿದ್ದಾರೆಯೇ ನೋಡಿ. ಒಳಗೆ ‘ನಾಲ್ಕನೇ ಬಿ’ ಎಂದು ಯಾರದೋ ಹೆಸರಿದ್ದರೆ ಅದು ದೋಷವಲ್ಲ, ಅಳಿಸಲು ಹೋಗಿ ಕಾಗದ ತೂತು ಮಾಡಬೇಡಿ. ಸೆಲ್ಲೋಟೇಪ್ ಹಚ್ಚಿದ ಪ್ರತಿಯನ್ನು ಮಾತ್ರ ಆದಷ್ಟು ಬಿಟ್ಟುಬಿಡಿ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರಿದರೂ ಕಲೆ ಉಳಿಯುತ್ತದೆ.

ಹಳೆಯ ಬಾಡಿಗೆ ಲೈಬ್ರರಿಗಳ ಬೈಂಡು ಸಂಪುಟಗಳ ಬಗ್ಗೆ ಕೆಲವರಿಗೆ ತಾತ್ಸಾರ. ಅಂಚು ಕತ್ತರಿಸಿದ್ದಾರೆ, ಹೊಲಿಗೆಯೊಳಗೆ ಮಾತು ನುಂಗಿಹೋಗಿದೆ, ನಿಜ. ಆದರೆ ಬಿಡಿ ಪ್ರತಿಗಳು ಮಣ್ಣಾದ ಮನೆಗಳಲ್ಲೂ ಈ ದಪ್ಪ ಸಂಪುಟಗಳು ಉಳಿದಿವೆ. ಅವನ್ನು ಬಿಡಿಸಿ ಬಿಡಿ ಮಾಡುವ ಆಸೆ ಬೇಡ, ಬೆನ್ನಿನ ಕಾಗದ ಚೂರಾಗುತ್ತದೆ.

ಈಗ ಮಳೆಗೆ ಬರೋಣ. ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಮೇ ಕೊನೆಗೆ, ಬೆವರು ಸುರಿಯುವ ಸೆಕೆಯಲ್ಲಿ, ಪುಸ್ತಕಗಳನ್ನು ಗಾಳಿಯಾಡದ ಪೆಟ್ಟಿಗೆಗೆ ತುಂಬಿ, ತೇವ ಹೀರುವ ಸಿಲಿಕಾ ಜೆಲ್ ನಾಲ್ಕು ಪೊಟ್ಟಣ ಹಾಕಿ ಮುಚ್ಚುತ್ತಾರೆ. ಕಾಗದ ತಾನೇ ನೀರು ಹಿಡಿದುಕೊಂಡಿರುತ್ತದೆ. ಗಾಳಿಯ ತೇವ ಶೇಕಡಾ 75 ಇರುವಾಗ ತುಂಬಿದ ಹತ್ತು ಕಿಲೋ ಪುಸ್ತಕವನ್ನು 50ಕ್ಕೆ ಇಳಿಸಬೇಕಾದರೆ ಸುಮಾರು ಕಾಲು ಕಿಲೋ ನೀರು ಹೊರಗೆ ಹೋಗಬೇಕು. ಸಿಲಿಕಾ ಆ ಮಟ್ಟದಲ್ಲಿ ಹೀರುವುದು ತನ್ನ ತೂಕದ ಕಾಲುಭಾಗದಷ್ಟು. ಅಂದರೆ ಬೇಕಾದದ್ದು ಒಂದು ಕಿಲೋ, ಹಾಕಿದ್ದು ನಾಲ್ಕು ಪೊಟ್ಟಣ! ನೀರನ್ನೇ ಬೀಗ ಹಾಕಿಟ್ಟ ಹಾಗಾಯಿತು.

ಹಾಗಾಗಿ ಪತ್ತನಾಜೆ ಕೊನೆಯ ಗಡುವೇ ಹೊರತು ಒಳ್ಳೆಯ ಮುಹೂರ್ತವಲ್ಲ. ನಮ್ಮ ಕರಾವಳಿಯ ಗಾಳಿ ಒಣಗಿರುವುದು ಡಿಸೆಂಬರಿನಿಂದ ಫೆಬ್ರವರಿ ತನಕ, ತುಂಬಿಸುವ ಕಾಲ ಅದು. ತಡವಾಯಿತೇ? ಎ.ಸಿ. ಇರುವ ಕೋಣೆಯಲ್ಲಿ ಪುಸ್ತಕಗಳನ್ನು ಬೀಸಣಿಗೆಯಂತೆ ಸ್ವಲ್ಪ ಬಿಡಿಸಿ ನಿಲ್ಲಿಸಿ, ಒಂದೆರಡು ದಿನ ಎ.ಸಿ. ಓಡಲಿ, ಅಲ್ಲಿಯೇ ತುಂಬಿಸಿ ಮುಚ್ಚಿ. ಅಂಗಳದ ಬಿಸಿಲಿನಲ್ಲಿ ಹಪ್ಪಳದ ಪಕ್ಕ ಒಣಗಿಸಬೇಡಿ. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಮತ್ತು ಹಳದಿ, ನೀಲಿ ಉಳಿಯುತ್ತದೆ. ಆಮೇಲೆ ಕೃಷ್ಣನೊಬ್ಬನೇ ಅಲ್ಲ, ಕಂಸನೂ ನೀಲಿ.

ಒಣಗಿದ ಕಾಗದಕ್ಕೆ 25 ಲೀಟರಿನ ಪೆಟ್ಟಿಗೆಯೊಂದಕ್ಕೆ ಕಾಲು ಕಿಲೋ ಸಿಲಿಕಾ, ಬಟ್ಟೆಯ ಚೀಲದಲ್ಲಿ. ಕಿತ್ತಳೆ ಬಣ್ಣದ್ದು ತನ್ನಿ, ತುಂಬಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ್ದನ್ನು ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆಯೊಳಗೆ ಚಿಕ್ಕದೊಂದು ತೇವಮಾಪಕ ಇಡಿ. 45ರಿಂದ 55 ಇದ್ದರೆ ನೆಮ್ಮದಿ; 65 ದಾಟಿದರೆ ಬೂಷ್ಟು ಬರುವ ದಾರಿಯಲ್ಲಿದೆ.

ಪ್ರತಿಯೊಂದಕ್ಕೂ ಪಾಲಿಪ್ರೊಪಿಲೀನ್ ಕವರ್, ಹಿಂದೆ ಆಮ್ಲವಿಲ್ಲದ ರಟ್ಟು. ಪಿವಿಸಿ ಬೇಡ. ಗುರುತು ಹಿಡಿಯುವುದು ಸುಲಭ: ಪಾಲಿಪ್ರೊಪಿಲೀನ್ ಸರಸರ ಸದ್ದು ಮಾಡುತ್ತದೆ, ಪಿವಿಸಿ ಮೆತ್ತಗಿದ್ದು ಹೊಸ ರೈನ್‌ಕೋಟಿನ ವಾಸನೆ ಹೊಡೆಯುತ್ತದೆ, ವರ್ಷ ಕಳೆದಂತೆ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ನಾಫ್ತಲಿನ್ ಗುಳಿಗೆಯೂ ಬೇಡ. ಪೆಟ್ಟಿಗೆಯನ್ನು ನೆಲದಿಂದ ಒಂದಡಿ ಮೇಲೆ ಇಡಿ, ಗೆದ್ದಲು ಏರಿದರೆ ಕಣ್ಣಿಗೆ ಬೀಳಲಿ. ಪಡುವಣ ಗೋಡೆಗೆ ತಾಗಿಸಬೇಡಿ, ಮಳೆಗೆ ಕೆಂಪುಕಲ್ಲು ನೀರು ಕುಡಿಯುವುದು ಅಲ್ಲಿಯೇ.

ಇಷ್ಟೆಲ್ಲ ಮಾಡಿಯೂ ಹಂಚು ಒಡೆದು ಪುಸ್ತಕ ನೆನೆಯಿತು ಅನ್ನಿ. ಹೊಳಪಿನ ರಕ್ಷಾಪುಟಗಳು ಒಣಗುವಾಗ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಗುತ್ತವೆ, ಆಮೇಲೆ ಬಿಡಿಸಲಾಗದು. ಒದ್ದೆ ಇರುವಾಗಲೇ ಮಧ್ಯೆ ಪ್ಲಾಸ್ಟಿಕ್ ಹಾಳೆ ಇಟ್ಟು, ಕವರಿನಲ್ಲಿ ಕಟ್ಟಿ, ಎರಡು ದಿನದೊಳಗೆ ಫ್ರಿಜ್ಜಿನ ಫ್ರೀಜರಿಗೆ ಸೇರಿಸಿ. ಮಂಜಾದದ್ದಕ್ಕೆ ಬೂಷ್ಟು ಬರುವುದಿಲ್ಲ. ಪುರುಸೊತ್ತಾದಾಗ ಎರಡೆರಡೇ ತೆಗೆದು, ಪುಟಗಳ ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಫ್ಯಾನಿನ ಗಾಳಿಗೆ ನೆರಳಿನಲ್ಲಿ ಒಣಗಿಸಿ. ಆಗಲೇ ಬೂಷ್ಟು ಹಿಡಿದಿದ್ದರೆ ಒದ್ದೆಯಲ್ಲಿ ಒರೆಸಬಾರದು, ಕಲೆ ಒಳಗಿಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ, ಮೆತ್ತನೆ ಬ್ರಶ್ಶಿನಿಂದ ಹೊರಮುಖವಾಗಿ ಜಾಡಿಸಿ.

ಕಡೆಗೆ ತುಕ್ಕು ಹಿಡಿದ ಪಿನ್ನು. ತುಕ್ಕು ಕಾಗದವನ್ನು ಸುಟ್ಟ ಹಾಗೆ ತಿನ್ನುತ್ತದೆ, ಪಿನ್ನಿನ ಸುತ್ತ ಕಂದು ಬಣ್ಣ ಕಂಡರೆ ತಡಮಾಡಬೇಡಿ. ನಡುಹಾಳೆ ತೆರೆದು, ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಕಾಲುಗಳನ್ನು ನೆಟ್ಟಗೆ ಎಬ್ಬಿಸಿ, ಹೊರಗಿನಿಂದ ಮೆಲ್ಲಗೆ ತೆಗೆಯಿರಿ. ಹೊಸ ಪಿನ್ನು ಹೊಡೆಯಬೇಡಿ, ಮುಂದಿನ ಆಟಿಗೆ ಅದೂ ತುಕ್ಕೇ. ಬಿಳಿ ಹತ್ತಿ ದಾರವನ್ನು ಹಳೆಯ ತೂತುಗಳಲ್ಲೇ ಪೋಣಿಸಿ. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ, ಎಳೆಯುವಾಗ ಬೆನ್ನಿನ ಉದ್ದಕ್ಕೇ ಎಳೆಯಿರಿ, ಅಡ್ಡಕ್ಕೆ ಎಳೆದರೆ ತೂತು ಹರಿಯುತ್ತದೆ. ಗಂಟು ನಡುಹಾಳೆಯ ಒಳಗೆ ಬರಲಿ. ಹೊರಗೆ ಬಂದರೆ ಪಕ್ಕದ ಪುಸ್ತಕದ ರಕ್ಷಾಪುಟದ ಮೇಲೆ ಅದರ ಗುರುತು ಬೀಳುತ್ತದೆ.

ನಮಸ್ಕಾರ.