ಸುಣ್ಣ ಸುಮ್ಮನೆ ಕೂತಿಲ್ಲ

ಕೇಳುಗರಿಗೆ ನಮಸ್ಕಾರ.

ಮಹಮ್ಮದ್ ಆದಿಲಶಾಹ ತೀರಿಕೊಂಡದ್ದು 1656ರಲ್ಲಿ. ಆ ಸುಲ್ತಾನನ ಗೋರಿ, ವಿಜಯಪುರದ ಗೋಳಗುಮ್ಮಟ, ಅಂದಿನಿಂದ ಹಾಗೇ ನಿಂತಿದೆ ಅನ್ನುತ್ತೇವೆ. ಈ ಮಾತೇ ತಪ್ಪು. ಅದು ನಿಂತಿಲ್ಲ, ನಡೆದಿದೆ.

ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ 1927-28ರ ಸಾಲಿನ ಎಡಿನ್‌ಬರೋ ಉಪನ್ಯಾಸಗಳಲ್ಲಿ ಹೇಳಿದ್ದು ಇದನ್ನೇ. ಜಗತ್ತು ವಸ್ತುಗಳಿಂದ ಆದದ್ದಲ್ಲ, ಘಟನೆಗಳಿಂದ ಆದದ್ದು. ಒಂದೊಂದು ಘಟನೆಯೂ ಸುತ್ತಲಿನದನ್ನು ಒಳಗೆ ತಗೊಂಡು ಹೊಸದಾಗುತ್ತದೆ.

ಗುಮ್ಮಟದ ಕಲ್ಲು ಹಿಡಿದಿರುವ ಗಾರೆ ಸುಣ್ಣದ್ದು. ಆ ಸುಣ್ಣದ ಭಟ್ಟಿಗೆ ಬರ್ರಿ, ತಿಳಿಯುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲು. ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ. ಕೆಳಗೆ ಉರಿಯಿಲ್ಲ, ಆದರೂ ಹಬೆ ಏಳುತ್ತದೆ, ಹರಳು ಬಿರಿಯುತ್ತದೆ, ಕೊತಕೊತ ಕುದಿಯುತ್ತದೆ. 18 ಕಿಲೋ ನೀರು ಕುಡಿದು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಉಸುಕು ಬೆರೆಸಿ ಗಿಲಾವು ಮಾಡಿದ ಮೇಲೆ ಗಾಳಿಯಿಂದ ಅದೇ 44 ಕಿಲೋ ಹೀರಿ, 18 ಕಿಲೋ ನೀರು ಬಿಟ್ಟು, ಮತ್ತೆ 100 ಕಿಲೋ ಕಲ್ಲು! ಮೊದಲಿನ ಕಲ್ಲೇನು? ಅಲ್ಲ. ಉಸುಕಿನ ಕಾಳುಕಾಳನ್ನೂ ಹಿಡಿದುಕೊಂಡ ಹೊಸ ಕಲ್ಲು.

ಗೌಂಡಿಗಳಿಗೆ ಇದು ಕೈಯಲ್ಲೇ ಗೊತ್ತು. ಹಸಿ ಗಿಲಾವು ಬಿಸಿಲಿಗೆ ಬೇಗ ಆರಿದರೆ ಕಲ್ಲಾಗುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬೆರಳಾಡಿಸಿದರೆ ಪುಡಿ ಉದುರುತ್ತದೆ. ಅದಕ್ಕೇ ತೋಯಿಸಿದ ಗೋಣಿತಾಟು ಹೊದಿಸುವುದು. ಅತಿಯಾಗಿ ಬೆಂದ ಹರಳು ಸೋಸದೆ ಉಳಿದರೆ, ತಿಂಗಳುಗಳಾದ ಮೇಲೆ ಗೋಡೆಯೊಳಗೇ ಅರಳಿ ಗಿಲಾವನ್ನು ಸಿಡಿಸುತ್ತದೆ. ಜಡವಾದದ್ದು ಹೀಗೆ ತನ್ನ ವೇಳೆಗೆ ತಾನು ಏಳುತ್ತದೆಯೇ?

ಹಾಗಾದರೆ ಕಲ್ಲಿಗೆ ಮನಸ್ಸಿದೆಯೇ ಎಂದು ಕೂಡಲೇ ಕೇಳುತ್ತಾರೆ. ಅದಲ್ಲ ನೋಡ್ರಿ ಮಾತು. ಕಲ್ಲು ನಡೆದಿದೆ. ಅಷ್ಟು ಹಿಡಿದುಕೊಳ್ಳಿ, ಉಳಿದದ್ದು ಆಮೇಲೆ.

ವೇಳೆ ಸಾಲುತ್ತಿಲ್ಲ, ಇನ್ನೊಂದನ್ನು ಓಡಿಸಿ ಹೇಳುತ್ತೇನೆ. ಬೆಲ್ಜಿಯಂನ ಇಲ್ಯಾ ಪ್ರಿಗೋಜಿನ್ ಅವರಿಗೆ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಶಕ್ತಿ ಹರಿಯುವಲ್ಲಿ ದ್ರವ್ಯ ತಾನಾಗಿ ವಿನ್ಯಾಸ ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಿಷಯ. ಎಣ್ಣೆಯ ತೆಳು ಪದರವನ್ನು ತಳದಿಂದ ಒಂದೇ ಸಮ ಕಾಯಿಸಿ ನೋಡಿ, ಜೇನುಗೂಡಿನಂಥ ಆರು ಮೂಲೆಯ ಮನೆಗಳು ಏಳುತ್ತವೆ. ಯಾರೂ ಕೊರೆದದ್ದಲ್ಲ.

ಮತ್ತೆ ಗಾರೆಗೆ ಬರೋಣ. ಗಾಳಿ ಹೊರಗಿನಿಂದ ಒಳಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯುತ್ತದೆ. ದಪ್ಪ ಗೋಡೆಯ ಹಳೆಯ ಕಟ್ಟಡಗಳಲ್ಲಿ, ನೂರಾರು ವರ್ಷಗಳ ಮೇಲೂ, ಒಳಗಡೆ ಇನ್ನೂ ಕಲ್ಲಾಗದ ಸುಣ್ಣ ಸಿಕ್ಕಿದ್ದುಂಟು.

ನಮಸ್ಕಾರ.